ಹಣೆದೀಪ

ಮಿರ್ತೆಲ್‌ಗೆ ಆರು ತುಂಬಿದಾಗ ಕೊಡಿಸಿದ್ದು,
ಹಣೆಗೆ ಕಟ್ಟುವ ದೀಪ.
ಮೂರು ವಾರ ಅದನ್ನು ದಿಂಬಿನಡಿ ಇಟ್ಟು ಮಲಗಿದಳು.
ಡೇರೆಯಲ್ಲಿ ಮಲಗುವ ರಾತ್ರಿಯೇ ಹಚ್ಚುವುದು,
ಅಲ್ಲಿವರೆಗೆ ಗುಂಡಿ ಮುಟ್ಟುವುದಿಲ್ಲ ಎಂದು
ತನಗೆ ತಾನೇ ಆಣೆ ಹಾಕಿಕೊಂಡು.

ಹೀಯುಮಾ ದ್ವೀಪ, ಜೂನ್ ತಿಂಗಳು.
ಕತ್ತಲಾಗುವುದಿಲ್ಲವೆಂದು
ನಮ್ಮಿಬ್ಬರಿಗೂ ಗೊತ್ತಿತ್ತು.
ನೀನು ಹೇಳು, ನೀನೇ ಹೇಳು ಎನ್ನುತ್ತಾ
ದೋಣಿಕಟ್ಟೆ ದಾಟಿ ಬಂದುಬಿಟ್ಟಿದ್ದೆವು.

ಡೇರೆ ನಮ್ಮ ಮಾವನದು. ಬಿಚ್ಚಿದರೆ
ಹೊಗೆಗಿಟ್ಟ ಮೀನಿನ ವಾಸನೆ, ಒಂದು ಒಣಗಿದ ಜೇಡ,
ಕೋಲು ಒಂದು ಕಡಿಮೆ.
ಹಡಗಿನ ಇಂಜಿನನ್ನೇ ಬಿಚ್ಚಿ ಜೋಡಿಸುವ ತಾರ್ಮೊ
ಈ ಬಟ್ಟೆಯ ಮುಂದೆ
ಸೊಂಟಕ್ಕೆ ಕೈಕೊಟ್ಟು ನಿಂತ, ಬಹಳ ಹೊತ್ತು.
ಕೊನೆಗೆ ಜುನಿಪರಿನ ಸೊಟ್ಟ ಕೊಂಬೆಯೊಂದು ಕೋಲಾಯಿತು.
ಡೇರೆ ಒಂದು ಭುಜ ಇಳಿಬಿಟ್ಟು
ತಲೆನೋವು ಬಂದವರ ಹಾಗೆ ಕೂತಿತು.
"ಮನೆ ಬಿತ್ತು," ಎಂದ ಯುಸ್. ಅವನಿಗೆ ಮೂರು.

ಕರಿ ರೊಟ್ಟಿ ಇತ್ತು, ಡಬ್ಬಿ ಮೀನಿತ್ತು.
ಡಬ್ಬಿ ತೆರೆಯುವುದು ಮಾತ್ರ ಮನೆಯಲ್ಲಿ,
ಮೂರನೇ ಡ್ರಾಯರಿನ ಎಡಮೂಲೆಯಲ್ಲಿ.
ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.
ಪಕ್ಕದ ಡೇರೆಯ ಸೈಕಲ್ ಮುದುಕ
ಚಾಕು ತಂದು, ಒಂದೂ ಮಾತಾಡದೆ ಕೊಯ್ದು,
ಒಂದೂ ಮಾತಾಡದೆ ಹೋದ.
ನಮ್ಮಲ್ಲಿ ಇದಕ್ಕೆ ಸ್ನೇಹ ಅನ್ನುತ್ತಾರೆ.

ಒಂಬತ್ತು ಗಂಟೆ. "ಈಗ?"
"ಇನ್ನೂ ಇಲ್ಲ."
ಹತ್ತು. ಕಡಲು ತವರದ ತಟ್ಟೆ.
ಸೊಳ್ಳೆಗಳು ಮಾತ್ರ ಗಡಿಯಾರ ಕಟ್ಟಿಕೊಂಡವರಂತೆ
ಹೇಳಿದ ಹೊತ್ತಿಗೆ ಬಂದವು.
ಹನ್ನೊಂದಕ್ಕೂ ಬಂಡೆಯ ಮೇಲಿನ ಇರುವೆ ಎಣಿಸಬಹುದಿತ್ತು.
ಎಣಿಸಿದಳು. ನಲವತ್ತೊಂದು.

ಆಮೇಲೆ ಅಳು. ಜೋರಾಗಿ ಅಲ್ಲ,
ಮೋಸಹೋದವರು ಅಳುವಂತೆ, ಬೇರೆ ಕಡೆ ತಿರುಗಿ.
"ರಾತ್ರಿಯನ್ನೂ ಮರೆತು ಬಂದಿದ್ದೀರಿ,
ಡಬ್ಬಿ ತೆರೆಯೋದರ ಥರ."

"ಹಾಗಲ್ಲ ಕಂದಾ, ಬೇಸಿಗೆಯಲ್ಲಿ
ಭೂಮಿ ನಮ್ಮ ಕಡೆ ವಾಲಿಕೊಂಡಿರುತ್ತೆ."
"ಅದನ್ನೂ ಅಪ್ಪನೇ ಕಟ್ಟಿದ್ದಾ?"

ಇಂಜಿನಿನ ಗುಡುಗುಡಿನಲ್ಲಿ ಹಾಯಾಗಿ ಮಲಗುವ ಅಪ್ಪ
ಈ ಸದ್ದಿಲ್ಲದ ಜಾಗದಲ್ಲಿ ಮಗ್ಗುಲು ಬದಲಿಸಿದ, ಬದಲಿಸಿದ.
ಆಗ ಹುಲ್ಲಿನೊಳಗೆ ಯಾವುದೋ ಹಕ್ಕಿ:
ಬಾಚಣಿಗೆಯ ಹಲ್ಲಿನ ಮೇಲೆ ಉಗುರೆಳೆದಂತೆ
ಕ್ರೆಕ್ಸ್ ಕ್ರೆಕ್ಸ್. ಕ್ರೆಕ್ಸ್ ಕ್ರೆಕ್ಸ್.
"ಬೇರಿಂಗಿಗೆ ಗ್ರೀಸ್ ಬೇಕು," ಎಂದು ಗೊಣಗಿ
ಅದಕ್ಕೇ ತಲೆಕೊಟ್ಟು ಗೊರಕೆ ಹೊಡೆದ.

ಒಂದು ಗಂಟೆಗೆ ಯುಸ್‌ಗೆ ಉಚ್ಚೆ.
ಎತ್ತಿಕೊಂಡು ಹೊರಗೆ ಬಂದೆ.
ಹುಲ್ಲೆಲ್ಲ ಒದ್ದೆ. ಅವನ ಬರಿಗಾಲು ನನ್ನ ಬೂಟಿನ ಮೇಲೆ.
ಉತ್ತರದಲ್ಲಿ ಆಕಾಶದ ಅಂಚು
ಆರಿಸಲು ಮರೆತ ಒಲೆಯ ಹಾಗೆ.
"ಬೆಳಿಗ್ಗೆನಾ?"
"ಅಲ್ಲ."
"ರಾತ್ರಿನಾ?"
ಚಡ್ಡಿ ಏರಿಸಿದೆ.

ಒಳಗೆ ಬಂದರೆ ಮಿರ್ತೆಲ್ ಇಲ್ಲ.
ನನ್ನ ಎದೆ ಒಮ್ಮೆ ಕಡಲಿನತ್ತ ಓಡಿ ಹೋಗಿ ಬಂತು.
ಅವಳ ಮಲಗುಚೀಲವಿತ್ತು, ಬಾಯಿ ಬಿಗಿದುಕೊಂಡು,
ನಡುವೆ ಒಂದು ಗುಡ್ಡ.
ಗುಡ್ಡದ ಹೊಲಿಗೆಯಿಂದ ಹಳದಿ ಬೆಳಕು ಜಿನುಗುತ್ತಿತ್ತು.

"ಅಮ್ಮಾ, ಸಿಕ್ತು," ಎಂದಿತು ಗುಡ್ಡ.
"ಇದರೊಳಗೇ ಇತ್ತು."

ಜಿಪ್ಪು ಒಂದು ಗೇಣು ತೆರೆಯಿತು. ಯುಸ್ ನುಗ್ಗಿದ.
ನನಗೆ ತಲೆ ಹಿಡಿಸುವಷ್ಟೇ ಜಾಗ.
ಕಾಲುಚೀಲದ ವಾಸನೆ, ಮೀನಿನ ಉಸಿರು,
ಮೂರು ಮುಖಕ್ಕೆ ಸಾಕಾಗುವಷ್ಟು ಕತ್ತಲು.
ಬೆಳಕು ಕಣ್ಣಿಗೆ ಹೊಡೆಯುತ್ತಿದೆ, ಆರಿಸು ಎಂದೆ.
ಆರಿಸಲಿಲ್ಲ.
ಹೊರಗೆ ಆ ಬೇರಿಂಗಿಗೆ
ಇನ್ನೂ ಯಾರೂ ಗ್ರೀಸ್ ಹಾಕಿರಲಿಲ್ಲ.