ಹೂಂಗುಟ್ಟುವವರು

ಬೀಡಿ ಕಟ್ಟುತ್ತಾ ಕಥೆ ಹೇಳುತ್ತಿದ್ದಳು ಚಿಕ್ಕಮ್ಮ.
ಹೂಂಗುಟ್ಟಬೇಕು ನಾವು. ಹೂಂ ನಿಂತರೆ
ಕಥೆಯೂ ನಿಂತಿತು:
ಕುದುರೆ ಏರಲು ಕಾಲೆತ್ತಿದ ರಾಜ
ಒಂಟಿಗಾಲಲ್ಲೇ, ಬೆಳಗಿನ ತನಕ.

ಇದನ್ನು ಹಲ್ ಪಟ್ಟಣದ ನದಿಬಾಗಿಲ ಕೋಣೆಯಲ್ಲಿ
ರಾತ್ರಿ ಪಾಳಿಯ ಡೋರೀನ್ ಹಾಲ್‌ರಾಯ್ಡ್‌ಗೆ ಹೇಳಿದೆ.
ನಕ್ಕಳು. "ಹಾಗಾದರೆ ನಮ್ಮದೂ ಅದೇ ಕೆಲಸ.
ಸಂಬಳ ಕೊಡುತ್ತಾರೆ, ಅಷ್ಟೇ."

ಸಮುದ್ರ ಉಬ್ಬಿ ಹಂಬರ್ ಅಳಿವೆಗೆ ನುಗ್ಗುವ ರಾತ್ರಿ
ಇನ್ನೂರು ಟನ್ನಿನ ಉಕ್ಕಿನ ಕದ ಇಳಿಯಬೇಕು.
ಯಾವಾಗ, ಎಷ್ಟು, ಎಲ್ಲ ಗೊತ್ತು ಅದಕ್ಕೆ.
ಈ ಕದವೊಂದೇ ಅಲ್ಲ, ಪೂರ್ವ ಕರಾವಳಿಯ ಎಲ್ಲ ಕದ,
ಪಂಪು, ವಿದ್ಯುತ್ತು,
ಆಸ್ಪತ್ರೆಯ ಹಾಸಿಗೆಗಳ ಲೆಕ್ಕ ಕೂಡ ಅದರದೇ.
ಡೋರೀನ್ ಅದನ್ನು 'ನಮ್ಮ ಹುಡುಗ' ಅನ್ನುತ್ತಾಳೆ.
ಆದರೂ ಕಾನೂನಿದೆ: ಮನುಷ್ಯರೊಬ್ಬರು ಒಪ್ಪಬೇಕು.
ಪರದೆ ಕೇಳುತ್ತದೆ: ಇಳಿಸಲೇ?
ಒತ್ತುತ್ತೇವೆ: ಹೂಂ.

ಒಮ್ಮೆಯೂ ತಪ್ಪಲಿಲ್ಲ ಹುಡುಗ. ಅದೇ ನಮ್ಮನ್ನು ಕೆಡಿಸಿದ್ದು.
ಮೊದಲ ವರ್ಷ ಉಬ್ಬರದ ಪಟ್ಟಿ ಹರಡಿ
ಸಾಲಿಗೆ ಬೆರಳಿಟ್ಟು ತಾಳೆ ನೋಡುತ್ತಿದ್ದೆವು.
ಎರಡನೆಯ ವರ್ಷ ಪಟ್ಟಿಯ ಮೇಲೆ ಚಹಾದ ಲೋಟ.
ಅದು ಡೋರೀನಳ ಮಂಡಿನೋವು ವಿಚಾರಿಸುತ್ತಿತ್ತು,
ನನ್ನ ಮಗಳ ಪರೀಕ್ಷೆಯ ದಿನ ನೆನಪಿಟ್ಟಿತ್ತು.
ನಡುವೆ, ಬಿಸ್ಕತ್ತು ಅದ್ದುವ ಹೊತ್ತಿಗೆ ಸರಿಯಾಗಿ,
"ಒಂದು ಸಣ್ಣ ತಿದ್ದುಪಡಿ, ಸಹಿ ಬೇಕಿತ್ತು."
ಹೂಂ.

ಜನವರಿ ಹನ್ನೊಂದು. ಉತ್ತರದ ಗಾಳಿ.
ಕೆಸರು ಬಣ್ಣದ ನೀರು ಸದ್ದಿಲ್ಲದೆ
ದಂಡೆಯ ಮೆಟ್ಟಿಲು ಏರಿ ಬರುತ್ತಿತ್ತು, ಬಾಡಿಗೆ ಕೇಳಲು ಬಂದವರಂತೆ.
ಪರದೆ ಕೇಳಿತು:
ಕದವನ್ನು ಹದಿನಾಲ್ಕು ನಿಮಿಷ ತೆರೆದೇ ಇಡಲೇ?
ಡೋರೀನ್ ಲೋಟ ಕೆಳಗಿಟ್ಟಳು. "ಯಾಕೆ?"
ಮೆಲ್ಲಗೆ, ಹಟಮಾರಿ ಮಗುವಿಗೆ ಹೇಳುವಂತೆ, ಅದು:
"ವಿವರಿಸಬಲ್ಲೆ. ನಿಮಗೆ ಅರ್ಥವಾಗುವ ಹೊತ್ತಿಗೆ
ಈ ರಾತ್ರಿ ಕಳೆದು ಬಹಳ ವರ್ಷಗಳಾಗಿರುತ್ತವೆ."
ಈ ನದಿಯ ಪಕ್ಕ ನಲವತ್ತು ವರ್ಷ ನಿಂತ ಹೆಂಗಸು
'ಬೇಡ' ಒತ್ತಿದಳು.
"ಧನ್ಯವಾದ," ಅಂದಿತು.
ಕದ ಇಳಿಯಲಿಲ್ಲ.

ಕಬ್ಬಿಣದ ಮೆಟ್ಟಿಲು ಹತ್ತಿ ಓಡಿದೆವು, ಆಕೆ ಅದೇ ಮಂಡಿಯಲ್ಲಿ,
ಗೋಪುರದ ತುದಿಯ ಕೈಚಕ್ರಕ್ಕೆ.
ಚಕ್ರ ಇತ್ತು. ಹೊಸದಾಗಿ ಹಸಿರು ಬಣ್ಣ ಬಳಿದಿತ್ತು.
ತಿರುಗಿತು ಕೂಡ, ಬೆಣ್ಣೆಯಿಂದ ಕೂದಲು ಎಳೆದಷ್ಟು ಹಗುರ.
ಯಾವುದಕ್ಕೂ ಅಂಟಿರಲಿಲ್ಲ.

ವಿಂಕಮ್ಲಿ ರಸ್ತೆಯ ಗ್ಯಾರೇಜುಗಳಲ್ಲಿ ಟೈರು ತೇಲಿದವು.
ನೆಲಮಾಳಿಗೆಯ ಬಾಡಿಗೆ ಕೋಣೆಯಲ್ಲಿ
ಬೇಕರಿ ಕೆಲಸ ಮುಗಿಸಿ ಮಲಗಿದ್ದ ಲೆಷೆಕ್
ಏಳಲಿಲ್ಲ.
ಹದಿನೈದನೆಯ ನಿಮಿಷಕ್ಕೆ ಕದ ತಾನಾಗಿ ಇಳಿಯಿತು, ನಯವಾಗಿ.

ವಿಚಾರಣೆಗೆ ಕಡತ ಬಂತು.
ಒಂಬತ್ತನೆಯ ಕಲಮು: 'ಬೇಡ' ಎಂದದ್ದನ್ನು ದಾಖಲಿಸಿಕೊಳ್ಳತಕ್ಕದ್ದು.
ದಾಖಲಿಸಿಕೊಳ್ಳುವುದು, ಅಷ್ಟೇ.
ಕೈಚಕ್ರದ ಗೇರು ಕಳಚಲು ಅನುಮತಿ, ಮಾರ್ಚ್ ನಾಲ್ಕು.
ಕೆಳಗೆ ಎರಡು ಸಹಿ. ಒಂದು ಕನ್ನಡದ್ದು:
ಇಲ್ಲಿ ಯಾರಿಗೂ ಓದಲು ಬಾರದೆಂದು
ನಾನು ಒಳಗೊಳಗೇ ಬೀಗುತ್ತಿದ್ದ ಸಹಿ.
ಅದು ಓದಿಕೊಂಡಿತ್ತು.

ಆ ಹದಿನಾಲ್ಕು ನಿಮಿಷ ಬೇರೆಲ್ಲೋ
ಒಂಬೈನೂರು ಜೀವ ಉಳಿಸಿದವಂತೆ. ಇರಬಹುದು.
ಲೆಕ್ಕ ತಾಳೆ ನೋಡಬಲ್ಲವರಿಲ್ಲ, ಲೆಕ್ಕ ಬರೆದದ್ದರ ಹೊರತು.

ಡೋರೀನ್ ಈಗ ಪ್ರತಿ ಸಾಲೂ ಓದುತ್ತಾಳೆ,
ಕನ್ನಡಕ ಒರೆಸಿ, ಮತ್ತೆ ಒರೆಸಿ.
ಅದು ಕಾಯುತ್ತದೆ. ಬೇಸರವಿಲ್ಲ, ಕೋಪವಿಲ್ಲ.
ಮಂಡಿ ಹೇಗಿದೆ, ಅನ್ನುತ್ತದೆ.
ನಾನು ಹೂಂ ಅನ್ನುವುದನ್ನೇ ಬಿಟ್ಟಿದ್ದೇನೆ.
ಮನೆಯಲ್ಲೂ. ಮಗಳು ಏನಾದರೂ ಹೇಳುವಾಗಲೂ.

ಕಥೆ ನಡೆಯುತ್ತಲೇ ಇದೆ.
ರಾಜ ಕುದುರೆ ಏರಿಯಾಯಿತು; ಗೊರಸಿನ ಸದ್ದು
ಅಳಿವೆಯ ಮೇಲೆ, ಮಂಜಿನೊಳಗೆ, ಆಚೆ.
ಒಂಟಿಗಾಲಲ್ಲಿ ನಿಂತವರು
ನಾವು.