ಬಿ ಸೈಡ್, ಮೂರನೇ ಹಾಡು

ಯೋನಪ್ಪ ಹೊಸೂರ ಅಂದ್ರ ಬೆಟಗೇರ್ಯಾಗ ತಲಿ ಕೆರಕೋತಾರ.
ಗಿಟಾರ್ ಯೋನ್ಯಾ ಅನ್ರಿ,
ಚಾದಂಗಡಿಯಂವ ಉದ್ರಿ ಪುಸ್ತಕ ತಗೀತಾನ.

ನೂಲಿಗೆ ಬಣ್ಣ ಹಾಕೂ ಕೆಲಸ.
ಹಸರಿನ ವಾರ ಹಸರು ಬೆರಳು,
ನೀಲಿ ವಾರ ನೀಲಿ;
ಗಿಟಾರಿನ ಕುತ್ತಿಗಿ ನೋಡಿದ್ರ ಸಾಕು
ಸಾವಕಾರನ ಆರ್ಡರು ತಿಳೀತಿತ್ತು.

ಚರ್ಚಿನ್ಯಾಗ ಆರು ತಂತಿ ಕಲತಂವ
ಭಜನಿ ಮಂದಿ ಕೂಡ ಒಂದು ಶಿವರಾತ್ರಿ ಕುಂತು ಎದ್ದ,
ಮೂರು ಬಿಚ್ಚಿ ಕಿಸೇದಾಗ ಇಟ್ಟ.
ಪಾಸ್ಟರು ಬೈದ್ರು. ಏಕತಾರಿ ಅಜ್ಜ
'ಇನ್ನೂ ಎರಡು ಹೆಚ್ಚಿಗಿ ಅದಾವಲ್ಲೋ' ಅಂದ.

ಅವನ ಹಾಡಿನ್ಯಾಗ ದೇವರು ಕಡಿಮಿ.
ಎಸ್ತೇರಿ ಬಿಟ್ಟು ಹೋದ ದಿನ
ಒಲಿ ಮ್ಯಾಲೆ ಉಕ್ಕಿದ ಹಾಲು ಯಾರು ಒರಸಬೇಕು
ಅನ್ನೂದ ಒಂದು ಇಡೀ ಹಾಡು.

ಸ್ಟೇಷನ್ ರೋಡಿನ ನನ್ನ ಕ್ಯಾಸೆಟ್ ಅಂಗಡ್ಯಾಗ
ಗ್ವಾಡಿಗೆ ಕೌದಿ ಬಡದು ರಾತ್ರಿ ರೆಕಾರ್ಡ್ ಮಾಡಿದಿವಿ.
ಆ ಹಾಡಿಗೆ ಬರೂದರಾಗ ಗೂಡ್ಸ್ ಗಾಡಿ ಕೂಗಿತು.
'ತಡೀ, ಮತ್ತೊಮ್ಮೆ ಹಾಡು' ಅಂದೆ.
'ಸುಮ್ನಿರೋ, ಶ್ರುತಿಗೇ ಬಂದೈತಿ.'

ಇನ್ನೂರು ಮಾಡಿಸಿದ್ದು, ಮೂವತ್ತೊಂದು ಹೋದವು.
ಅದರಾಗ ನಾಕು ನಾನ ತಗೊಂಡದ್ದು.

ಮೂವತ್ತೆಂಟಕ್ಕ ಹೋದ.
ಮಣ್ಣಿನ ದಿನ ಮೇಳದವರು ಪುಸ್ತಕ ನೋಡಿ ಛಲೋನ ಹಾಡಿದ್ರು.
ನನಗ ಹಾಲಿನ ಹಾಡು ಬಾಯಿಗೆ ಬಂದಿತ್ತು,
ನುಂಗಿದೆ.

ಈಗ ಟೇಪು ಎಳದೈತಿ, ದನಿ ದಪ್ಪಾಗೈತಿ.
ವರ್ಸಾ ವರ್ಸಾ ಮುದುಕಾಗಾಕತ್ತಾನ ಯೋನ್ಯಾ
ನನ್ನ ಜೋಡೀನ.
ರೈಲೂ ಅವನ ಕೂಡ ಇಳದೈತಿ.
ಶ್ರುತಿ ತಪ್ಪಿಲ್ಲ.