ಕಿಂಡಿ ಯಾವ ಕಡೆ

ಕಡಲಿಲ್ಲ ಇಲ್ಲಿ, ಕಡಲೆ ಇದೆ.
ಕಾರವಾರ ಎಂದರೆ ಒಂದು ಘಟ್ಟ, ಒಂದು ವಾಂತಿ,
ಅರ್ಧ ದಿನದ ಬಸ್ಸು.
ಕಣ್ಣು ಸೋಲುವ ತನಕ ಎರೆ, ಎರೆಯ ಮೇಲೆ ಹುಳಿಯ ಇಬ್ಬನಿ.
ಅಂಥಲ್ಲಿ, ಹುಲಕೋಟಿ ದಾಟಿ, ಹಳ್ಳದ ಸೇತುವೆಯ ಬಗಲಿಗೆ
ಐದು ಮೂಲೆಯ ಒಂದು ಕುಳ್ಳ ಕಟ್ಟಡ
ಬಳ್ಳಾರಿ ಜಾಲಿಯೊಳಗೆ ಕುಕ್ಕರುಗಾಲಲ್ಲಿ ಕೂತಿದೆ.

ದನ ಕಾಯುವವರಿಗೆ ಅದು ಯಾರದೋ ಗೋರಿ,
ಗ್ಯಾಂಗ್‌ಮನ್ನರಿಗೆ ಮದ್ದಿನ ಮನೆ.
ಉತಾರದಲ್ಲಿ ಹೆಸರೇ ಇಲ್ಲ:
ಖರಾಬು, ಎರಡು ಗುಂಟೆ.

ನಾನು ಮೋಜಣಿಯವ. ರವಿವಾರ ಮಾತ್ರ ನನ್ನದು.
ಇಪ್ಪತ್ತು ವರುಷ ಬೇರೆಯವರ ಬದುವಿಗೆ ಸರಪಳಿ ಎಳೆದವನು
ಈಗ ಟೇಪು, ದಿಕ್ಸೂಚಿ, ಒಂದು ಬ್ಯಾಟರಿ ಹಿಡಿದು
ಯಾರ ಜಗಳಕ್ಕೂ ಸೇರದ ಗೋಡೆಗಳನ್ನು ಅಳೆಯುತ್ತೇನೆ.
ರೋಣದ ಕಡೆ ಹನ್ನೊಂದು ಹುಡೇವು ನೋಡಿ ಬಂದಿದ್ದೆ,
ಕಲ್ಲು ಮಣ್ಣಿನವು, ಹೊಟ್ಟೆ ಉಬ್ಬಿದವು, ನೆತ್ತಿ ಕುಸಿದವು.
ಇದು ಅವುಗಳ ವಂಶದ್ದಲ್ಲ.

ಎಪ್ಪತ್ತರ ನೀಲವ್ವ ಸುಣಗಾರ ಕುಡುಗೋಲಿಂದ ದಾರಿ ಬಿಡಿಸಿದಳು.
ಗೋಡೆ ಕೆರೆದು, ಪುಡಿ ನಾಲಿಗೆಗಿಟ್ಟು, ಉಗುಳಿದಳು:
"ಸುಣ್ಣ ಅಲ್ರೀ ಇದು, ಸಿಮಿಟಿ.
ಸುಣ್ಣ ಆಗಿದ್ರ ನಾಲಿಗಿ ಹಿಡೀತಿತ್ತು.
ನಮ್ಮ ಮಾವ ಸುಟ್ಟ ಸುಣ್ಣದ ರುಚಿ ನಾ ಮರೀತೇನೇನು?"

ಬರೆದುಕೊಂಡೆ: ಸಿಮೆಂಟು. ಗೋಡೆ ಒಂದೂವರೆ ಮೊಳ.
ಬಾಗಿಲು, ನಡು ಬಗ್ಗಿಸುವವರಿಗೆ ಮಾತ್ರ.
ಒಳಗೆ ಬಾವಲಿ ವಾಸನೆ, ಬೀಡಿ ತುಂಡು,
ಇದ್ದಿಲಲ್ಲಿ ಯಾರದೋ ಪ್ರೇಮ, ಅರ್ಧ ಅಕ್ಷರಕ್ಕೆ ನಿಂತಿದ್ದು.
ಚಾವಣಿಯಲ್ಲಿ ಹಲಗೆಯ ಗುರುತು.
ಹಲಗೆ ಎಂದೋ ಒಲೆಗೆ ಹೋಗಿದೆ;
ಅದರ ಗಂಟು, ಅದರ ನಾರು, ಅದರ ಒಂದು ಸೀಳು
ಸಿಮೆಂಟಿಗೆ ಇನ್ನೂ ಬಾಯಿಪಾಠ.
ಮೂಲೆಯಲ್ಲಿ ನಾಲ್ಕು ಬೆರಳು. ಸಣ್ಣವು. ಬಳೆ ತಾಗಿದ ಗೆರೆ.
ಹಸಿ ಇದ್ದಾಗ ಯಾವಳೋ ಆತುಕೊಂಡಿದ್ದಾಳೆ,
ಬುಟ್ಟಿ ಇಳಿಸಿ, ಒಂದು ಉಸಿರಿನಷ್ಟು ಹೊತ್ತು.

ಗೋಡೆಯ ವಯಸ್ಸು ಗಾರೆ ಹೇಳುತ್ತದೆ,
ಹಗೆಯ ಹೆಸರು ಕಿಂಡಿ. ಹುಡೇವು ಕಲಿಸಿದ ಪಾಠ ಇದು.
ಅಲ್ಲಿ ಎಲ್ಲ ಕಿಂಡಿಗಳೂ ಊರಿಗೆ ಬೆನ್ನು ಕೊಟ್ಟು
ದೂರದ ದಾರಿಯ ಧೂಳು ಕಾಯುತ್ತವೆ.
ಇಲ್ಲಿ ಕಿಂಡಿ ಮೂರು.
ಜಪಾನಿನವ ಬರುವುದಿದ್ದರೆ ಆಕಾಶದಿಂದ ಬರಬೇಕಿತ್ತು,
ಇಲ್ಲ, ಮೂಡಣ ಕಡಲಿಂದ.
ಆಕಾಶಕ್ಕೆ ಕಿಂಡಿಯಿಲ್ಲ. ಮೂಡಣಕ್ಕೆ ಬರೀ ಗೋಡೆ.
ಒಂದು, ಸೇತುವೆಯ ಕಾಲು ನೋಡುತ್ತದೆ.
ಉಳಿದೆರಡಕ್ಕೆ ದಿಕ್ಸೂಚಿ ಹಿಡಿದರೆ
ಗೋಡೆಯೊಳಗಿನ ಕಬ್ಬಿಣಕ್ಕೆ ಮುಳ್ಳು ಹುಚ್ಚೆದ್ದು ತಿರುಗಿತು.

ಬಿಟ್ಟು, ಕಣ್ಣಿಟ್ಟೆ.
ಚೌಕಟ್ಟಿನಲ್ಲಿ ಸರಿಯಾಗಿ ಕೂತದ್ದು ಊರು.
ಅಗಸಿ. ಬಾವಿಯ ಗಾಲಿ. ಮಸೂತಿಯ ಹಸಿರು.
ಸುಣಗಾರ ಓಣಿಯ ಕೊನೆಯ ಮನೆ,
ಅಂಗಳದಲ್ಲಿ ಒಣಗುವ ಒಂದು ಕೆಂಪು ಇಳಕಲ್ಲು.

"ಅದು ನಮ್ಮದ ಮನಿ," ಅಂದಳು ನೀಲವ್ವ, ಇನ್ನೊಂದು ಕಿಂಡಿಯಿಂದ,
ಹೊಲದಾಗ ದನ ಹೊಕ್ಕಾವು ಎನ್ನುವ ಧ್ವನಿಯಲ್ಲಿ.

ಚಹಾಕ್ಕೆ ಕರೆದಳು.
ಸೀರೆ ಹೊತ್ತ ತಂತಿ ಬೇಲಿಯದಲ್ಲ, ಅಂಗಡಿಯದಲ್ಲ.
ದಪ್ಪ. ತಾಮ್ರ. ಕೈಯಾಡಿದಲ್ಲಿ ಕೆಂಪು, ಆಡದಲ್ಲಿ ಹಸಿರು,
ತುದಿಗೊಂದು ಬಿಳಿ ಪಿಂಗಾಣಿ ಬುಗುರಿ.
"ಮಾವ ತಂದದ್ದು. ನಲವತ್ತೆರಡರಾಗ, ಒಂದ ರಾತ್ರಿ,
ಹಳಿ ಮಗ್ಗಲಿಂದ.
ಭಟ್ಟಿ ಬೂದ್ಯಾಗ ಐದು ವರ್ಷ ಹುಗದಿಟ್ಟಿದ್ದನಂತ,
ಸ್ವರಾಜ್ಯ ಬಂದ ಮ್ಯಾಲೆ ಅರಬಿ ಒಣಹಾಕಾಕ ಹೊರಗ ತಗದ."

ನನ್ನ ವಹಿಯಲ್ಲಿ ಕೊನೆಯ ಕಾಲಂ: ಉದ್ದೇಶ.
'ಸೇತುವೆಯ ರಕ್ಷಣೆ' ಎಂದು ಬರೆದು
'ಯಾರಿಂದ' ಎಂಬಲ್ಲಿಗೆ ಬಂದಾಗ
ಆಕೆ ಬಸಿ ಮುಂದಿಟ್ಟು, "ಬೆಲ್ಲ ಸಾಕೇನ್ರಿ?" ಅಂದಳು.

ತಂತಿಯ ಉದ್ದ ಅಳೆಯಲಿಲ್ಲ.
ಆಚೆ ಪ್ಯಾಸೆಂಜರು ಸೇತುವೆ ಹತ್ತಿತು.
ಸೀರೆ ಒಂದಿಷ್ಟು ನಡುಗಿ
ಸುಮ್ಮನಾಯಿತು.